ಮೂರು ನಿಮಿಷದ ಕಿವಿ

ಜೂನ್ ತಿಂಗಳು, ಬೆಳಗಿನ ಜಾವ ನಾಲ್ಕೂ ಹದಿನೆಂಟು.
ಸೂರ್ಯ ಹುಟ್ಟಲು ಇನ್ನೂ ಅರ್ಧ ಗಂಟೆ.
ಸಸ್ಕಾಚೆವಾನಿನ ಜಲ್ಲಿ ರಸ್ತೆಯ ಮೇಲೆ
ಎಂಜಿನ್ ಆರಿಸಿ ಕೂತಿದ್ದೇವೆ, ನಾನೂ ಅಕ್ಕನೂ.
ಡಾರ್ಕಾ ಇಳಿಯುತ್ತಾಳೆ, ಬಾಗಿಲು ಹಾಕುವುದಿಲ್ಲ;
ಸದ್ದಾದರೆ ಮೊದಲ ಹಕ್ಕಿಯ ಲೆಕ್ಕ ತಪ್ಪುತ್ತದೆ.

ಮೂರು ನಿಮಿಷ. ಕಂಡದ್ದಕ್ಕೊಂದು ಗೀಟು, ಕೇಳಿದ್ದಕ್ಕೊಂದು.
ಮತ್ತೆ ಅರ್ಧ ಮೈಲಿ. ಮತ್ತೆ ಮೂರು ನಿಮಿಷ.
ಹೀಗೆ ಐವತ್ತು ನಿಲುಗಡೆ,
ಹೀಗೆ ಮೂವತ್ತೊಂದು ವರ್ಷ.

ನಾನು ಬರೀ ಡ್ರೈವರು.
ಗಡಿಯಾರ ನೋಡಬಹುದು, ಹೇಳಿದ್ದು ಬರೆದುಕೊಳ್ಳಬಹುದು,
ಹಕ್ಕಿಯತ್ತ ಬೆರಳು ತೋರುವ ಹಾಗಿಲ್ಲ.
ಎಣಿಸುವ ಕಿವಿ ಒಂದೇ ಇರಬೇಕು. ಅದು ನಿಯಮ.

ಅಮ್ಮ ಕಾಶಾ ಬೇಯಿಸುವಾಗ
ಒಂದೇ ಒಂದು ಅಗುಳು ಹಿಸುಕಿ
ಇಡೀ ಪಾತ್ರೆಗೆ ತೀರ್ಪು ಕೊಡುತ್ತಿದ್ದಳು.
ಆದರೆ ಸೌಟು ನಡುವಿಗೆ ಇಳಿಸಿ ತೆಗೆದ ಅಗುಳು ಅದು.
ನಾವು ಹಿಸುಕುವುದು ಅಂಚಿನದನ್ನೇ.
ರಸ್ತೆ ಹೋದಲ್ಲಿ ಮಾತ್ರ ನಮ್ಮ ಬಯಲು.
ಬೇಲಿ ಕಂಬದ ಮೇಲೆ ಮೆಡೋಲಾರ್ಕ್ ಎದೆಯೆತ್ತಿ ಹಾಡುತ್ತದೆ, ಸರಿ;
ಕಂಬವಿಲ್ಲದ ನಡುಬಯಲಲ್ಲಿ ಏನಾಗಿದೆಯೋ.

ಹದಿನಾರನೆಯ ನಿಲುಗಡೆಯಿಂದ ಆಚೆಗೆ ಡಾಂಬರು ಬಂತು,
ಪೊಟ್ಯಾಶ್ ಗಣಿಯ ಲಾರಿಗಳು ಬಂದವು.
ಒಂದು ಲಾರಿ ಹಾದುಹೋದರೆ
ಮುಕ್ಕಾಲು ನಿಮಿಷದ ಹಾಡು ಧೂಳಿನ ಪಾಲು.

'ರಸ್ತೆಗೆ ಬರದ ಹಕ್ಕಿ ಹಕ್ಕಿಯೇ ಅಲ್ಲವೋ?'
ಪಕ್ಕದ ಹೊಲದ ಹ್ಯಾಲ್ವರ್ ಪ್ರತಿ ವರ್ಷ ಕೇಳುತ್ತಾನೆ.
ಡಾರ್ಕಾಳ ಉತ್ತರವೂ ಪ್ರತಿ ವರ್ಷದ್ದೇ:
'ತಕ್ಕಡಿ ಓರೆಯಾದರೂ
ಕರು ಸೊರಗಿದ್ದು ತಿಳಿಯುತ್ತದಪ್ಪ,
ಪ್ರತಿ ಸಲ ಅದೇ ತಕ್ಕಡಿಯಲ್ಲಿ ತೂಗಿದರೆ.'

ತಕ್ಕಡಿ ಅದೇ ಆಗಿ ಉಳಿದಿರಲಿಲ್ಲ.

ಇಪ್ಪತ್ತೇಳರಲ್ಲಿ, ಒಣಹುಲ್ಲಿನ ಬುಡದಿಂದ,
ರೇಷ್ಮೆಯ ನೂಲು ಎಳೆದಂತೆ ಒಂದು ಝಿರಿ ಝಿರಿ.
ಮಿಡತೆಯಲ್ಲ, ಮಿಡತೆಯ ದನಿಯ ಗುಬ್ಬಿ.
ಒಂದು. ಬಲಕ್ಕೆ ಇನ್ನೊಂದು.
ಅಕ್ಕ ಅತ್ತಲೇ ಮುಖ ಮಾಡಿ ನಿಂತಿದ್ದಾಳೆ,
ಗಾಳಿ ಅವಳ ಸ್ಕಾರ್ಫಿನ ತುದಿ ಎತ್ತುತ್ತಿದೆ.
'ಸೊನ್ನೆ' ಎಂದಳು.
ಸೊನ್ನೆ ಬರೆದೆ.
ಹೋದ ವರ್ಷವೂ ಬರೆದಿದ್ದೆ.

ಥರ್ಮಾಸಿನ ಕಾಫಿ ಬಗ್ಗಿಸುತ್ತ ಕೇಳಿದಳು:
'ಇಪ್ಪತ್ತೇಳರಲ್ಲಿ ಏನಾದರೂ ಇತ್ತಾ?'
'ನಾನು ಬರೀ ಡ್ರೈವರು' ಎಂದೆ.
ಸ್ವಲ್ಪ ಹೊತ್ತು ನನ್ನನ್ನೇ ನೋಡಿದಳು.
'ಹಾಗಾದರೆ ಇತ್ತು' ಎಂದಳು.
ಬರೆದ ಸೊನ್ನೆಯನ್ನು ಮಾತ್ರ ಅಳಿಸಗೊಡಲಿಲ್ಲ.

ಆ ಚಳಿಗಾಲ ರೆಜೈನಾದಲ್ಲಿ ಕಿವಿಯ ಪರೀಕ್ಷೆ.
ಕಾಗದದ ಮೇಲೆ ಗೆರೆ ಎಡದಿಂದ ನೆಟ್ಟಗೆ ಬಂದು
ತೆಳು ದನಿಗಳ ಹತ್ತಿರ ಧೊಪ್ಪನೆ ಕೆಳಗೆ ಬಿದ್ದಿತ್ತು,
ಥೇಟು ನಮ್ಮ ಗುಬ್ಬಿಯ ಇಳಿಕೆಯ ಗೆರೆಯಂತೆ.

ನಕ್ಷೆ, ಪೆನ್ಸಿಲು, ಸೊಳ್ಳೆಯ ಮುಲಾಮು
ವೃದ್ಧಾಶ್ರಮದ ನರ್ಸ್ ರೊವೆನಾಳ ಕೈಗೆ ಹೋದವು.
ಇಲೋಯ್ಲೋದಿಂದ ಬಂದವಳು, ಮೂವತ್ತರ ಕಿವಿ,
ಎರಡು ವರ್ಷ ಹಕ್ಕಿಯ ದನಿಗಳನ್ನು ಪಾಠದಂತೆ ಉರು ಹೊಡೆದವಳು.
ಇಪ್ಪತ್ತೇಳರಲ್ಲಿ ನಾಲ್ಕು ಗೀಟು ಹಾಕಿಸಿದಳು.
ಹೊಸಬರ ಮೊದಲ ವರ್ಷವನ್ನು
ಕಚೇರಿಯವರು ಬೇರೆಯಾಗಿ ತೂಗುತ್ತಾರಂತೆ.
ಹಿಂದಿನ ಸೀಟಿನಲ್ಲಿ ಡಾರ್ಕಾ ನಕ್ಕಳು:
'ನಾಲ್ಕನ್ನೂ ನಾನೇ ಕೊಂದಿದ್ದೆ, ಪಾಪಿ.'

ನಲವತ್ತೊಂದರಲ್ಲಿ ನಗಲಿಲ್ಲ.
ಅವಳ ಮೊದಲ ವರ್ಷದ ಹಾಳೆಯಲ್ಲಿ ಅಲ್ಲಿ
ಹನ್ನೊಂದು ಕೆಂಗತ್ತಿನ ಲಾಂಗ್‌ಸ್ಪರ್.
ರೊವೆನಾ ಕಣ್ಣು ಮುಚ್ಚಿ ಕೇಳಿದಳು: ಸೊನ್ನೆ.
ಐವತ್ತೂ ಮುಗಿದ ಮೇಲೆ ಅಲ್ಲಿಗೇ ಮರಳಿ,
ಲೆಕ್ಕಕ್ಕೆ ಸೇರದ ನಡಿಗೆ, ಬೇಲಿ ದಾಟಿ
ಒಂದು ಮೈಲಿ ಒಳಕ್ಕೆ ಹೋದೆವು, ರಸ್ತೆ ಕಾಣದಷ್ಟು ಒಳಕ್ಕೆ.
ಸಾಸಿವೆ ಜಾತಿಯ ಕೆನೋಲ, ಹಳದಿ, ಹಳದಿ.
ಅಂಚಿನ ಅಗುಳೂ ನಡುವಿನ ಅಗುಳೂ
ಆವತ್ತು ಒಂದೇ ಮಾತು ಹೇಳಿದವು.

ಏನೂ ಕೇಳಿಸದ ಅಕ್ಕ
ಎಲ್ಲರಿಗಿಂತ ನಿಶ್ಚಲ ನಿಂತಿದ್ದಳು.
'ಎಷ್ಟು ಹೊತ್ತಾಯಿತು?' ಎಂದಳು.
ಗಡಿಯಾರ ನನ್ನ ಕೆಲಸ.
ಮೂರು ನಿಮಿಷ ಯಾವಾಗಲೋ ಮುಗಿದಿತ್ತು.
'ಇನ್ನೂ ಒಂದು ಇದೆ' ಎಂದೆ.